ಇದರಿಂದ ಏನಾಗೂದಿಲ್ಲ

ಎಪ್ರಿಲ್ ಮುಗೀಲಿಕ್ಕೆ ಇನ್ನೂ ನಾಕು ದಿನ.
ಸೂಪರ್ ಮಾರ್ಕೆಟಿನ ಹಿಂದ, ಸಹಕಾರಿ ಬ್ಯಾಂಕಿನ ಮ್ಯಾಲಿನ ಮಾಳಿಗಿ,
ಏಸಿ ಇರೂದು ಮಶೀನಿನ ಖೋಲಿಯೊಂದಕ್ಕೇ.
ಹೊರಗ ಕಲಬುರಗಿ ರೊಟ್ಟಿ ಹಂಚಿನಂಗ ಕಾದದ.
ಒಳಗ ನಾನು ಶಾಲು ಹೊದ್ದು
ಒಂದು ವಾಕ್ಯದ ಮುಂದ ಕುಂತೀನಿ:

‘ಲಾಗ್ ಹುಡುಕುತ್ತದೆ.’

ಇಷ್ಟೇ ಬರದಿದ್ದೆ ಹೋದ ತಿಂಗಳು,
ಏಜೆಂಟಿಗೆ ಕೊಟ್ಟ ಏಳು ಹತ್ಯಾರದಾಗ ಮೂರನೇದಕ್ಕ.
(ಏಜೆಂಟಂದ್ರ ವಿಮಾ ಮಾರಾಂವ ಅಲ್ಲಪ್ಪಾ ಅಂತ
ಮನ್ಯಾಗ ಹೇಳಿ ಹೇಳಿ ಸಾಕಾಗ್ಯದ.)
ಅದಕ್ಕ ಓದೂದೊಂದೇ ಗೊತ್ತು.
ನಾವು ಬರದದ್ದೇ ಅದರ ಕಣ್ಣು,
ಬರೀದೇ ಬಿಟ್ಟದ್ದೇ ಅದರ ಕುರುಡು.

ಹದಿನಾಲ್ಕು ಖಾತೆಯ ಸಾಲು ಅಳಿಸಿ ಹೋಗಿದ್ವು.
ಯಾವಾಗ, ಅಂತ ಕೇಳಿದೆ.
ಉಗುಳು ನುಂಗೂದಿಲ್ಲ, ತಲಿ ಕೆರಕೊಳ್ಳೂದಿಲ್ಲ,
ಹೇಳೇಬಿಡ್ತು:
ಮಂಗಳವಾರ, ರಾತ್ರಿ ಒಂಬತ್ತು ಹದಿನೇಳು.

ಆ ಹೊತ್ತಿಗೆ ಆ ಕುರ್ಚಿ ಮ್ಯಾಲ ಇದ್ದಾಂವ ಲಾಡ್ಲೇಸಾಬ.
ಹಾಜರಿ ಬುಕ್ಕಿನಾಗ ಅವನ ಸಹಿ,
ಕ್ಯಾಮೆರಾದಾಗ ಅವನ ಬೆನ್ನು, ಬಾಜೂಕ ಟಿಫಿನ್ ಡಬ್ಬಿ.
ಮ್ಯಾನೇಜರ್ ಬಿರಾದಾರರು ನೋಟಿಸ್ ಟೈಪ್ ಮಾಡಿಸಿಯೇ ಬಿಟ್ರು.
ಹನ್ನೆರಡು ವರ್ಷ ನೌಕರಿ ಮಾಡಿದಾಂವ
ಬಾಗಲದಾಗ ನಿಂತು ಒಂದೇ ಕೇಳಿದ:
‘ಮೇಡಂ, ಅದಕ್ಕ ಗಡಿಯಾರ ನೋಡ್ಲಿಕ್ಕೆ ಬರ್ತದೇನ್ರಿ?’

ಮೊದಲು ನಗು ಬಂತು.
ಆಮ್ಯಾಲ ಹೋಯ್ತು.

ಶಹಾಬಜಾರದಾಗ ಅಪ್ಪನ ಹತ್ಯಾರದ ಅಂಗಡಿ ಇತ್ತು.
ಡಬ್ಬಿ ಮ್ಯಾಲ ಉರ್ದು, ಮೋಡಿ, ಕನ್ನಡ,
ಮೂರು ತಲಿಮಾರಿನ ಮೂರು ಶಾಯಿ.
‘ಉಳಿ ಕೊಡ್ರಿ’ ಅಂದ್ರ ಅಪ್ಪ ಕೊಡ್ತಿರಲಿಲ್ಲ.
‘ಕಟ್ಟಿಗಿಗೋ, ಫರಸಿಗೋ?’
ರೊಕ್ಕ ಎಣಿಸಿಕೊಂಡ ಮ್ಯಾಲೂ ಆ ಕಡೆ ತುದಿ ಬಿಡ್ತಿರಲಿಲ್ಲ:
‘ಇದರಿಂದ ಏನಾಗೂದಿಲ್ಲ, ಅದು ಕೇಳ್ಕೊಂಡು ಹೋಗು.’

ಮಶೀನಿನ ಗಡಿಯಾರ ಕಲಬುರಗೀದಲ್ಲ.
ಗ್ರೀನಿಚ್ಚಿಂದು. ನಮಗಿಂತ ಐದೂವರಿ ತಾಸು ಹಿಂದ.
ಅದು ಒಂಬತ್ತು ಹದಿನೇಳಲ್ಲ, ಎರಡು ನಲವತ್ತೇಳು.
ಮಂಗಳವಾರ ಸುದ್ದಾ ಅಲ್ಲ, ಬುಧವಾರ.
ಆ ಹೊತ್ತಿಗೆ ಖೋಲಿಗಿ ಕೀಲಿ ಬಿದ್ದು ಐದು ತಾಸಾಗಿತ್ತು.
ಲಾಡ್ಲೇಸಾಬ ತನ್ನ ಮಾಳಗಿ ಮ್ಯಾಲ ನೀರು ಚಿಮುಕಿಸಿ
ಮಕ್ಕಳ ನಡುವ ಮಲಗಿದ್ದ.

ಹೊಡದು ಹಾಕಿದೆ ಆ ವಾಕ್ಯ.
ಹಾಕೋ ಮೊದಲು ಇಪ್ಪತ್ತು ಸಲ ಅದನ್ನೇ ಕೊಟ್ಟು ಕೇಳಿದೆ.
ಆರು ಸಲ ಸರಿ. ಅದೂ ನಸೀಬಿಲೆ.
ಮರುದಿನ ಒಂದು ಪುಟ ಬರದೆ,
ತಹಸೀಲ್ದಾರರ ಆದೇಶದಂಗ, ಷರತ್ತಿನ ಮ್ಯಾಲ ಷರತ್ತು.
ಓದಿ ಓದಿ ಅದು ಹಾದಿ ತಪ್ಪಿತು. ಒಂಬತ್ತು.
ಮೂರನೇ ದಿನ ಅಪ್ಪ ನೆನಪಾಗಿ, ನಾಕು ಸಾಲು:

‘ಲಾಗಿನಲ್ಲಿ ಉಳಿದಿರುವ ಸಾಲುಗಳನ್ನಷ್ಟೇ ಹುಡುಕುತ್ತದೆ.
ಸಮಯ ಗ್ರೀನಿಚ್ಚಿನದು: ಐದೂವರೆ ಗಂಟೆ ಕೂಡಿಸು, ತಾರೀಖು ಬದಲಾಗಬಹುದು.
ಅಳಿಸಿದ್ದು ಇದಕ್ಕೆ ಕಾಣುವುದಿಲ್ಲ.
ಯಾವ ಹೆಸರಿನಿಂದ ಎಂದು ಹೇಳುತ್ತದೆ, ಯಾವ ಕೈಯಿಂದ ಎಂದು ಇದಕ್ಕೆ ಗೊತ್ತಿಲ್ಲ.’

ಹದಿನೇಳು ಸಲ ಸರಿ.
ಎಲ್ಲಾರೂ ಶಾಬಾಶ್ ಅಂದ್ರು, ಚಾ ತರಿಸಿದ್ರು.
ನನಗ ಉಳಿದ ಮೂರೇ ಕಾಣ್ತಾವ.
ಆ ಮೂರು ಸಲದಾಗೂ
ಯಾರದರೆ ಬೆನ್ನು ಕ್ಯಾಮೆರಾದಾಗ ಇದ್ದೇ ಇರ್ತದ.

ಸಾಲು ಯಾರು ಅಳಿಸಿದ್ರೋ ಇನ್ನೂ ಗೊತ್ತಿಲ್ಲ.
ಬಿರಾದಾರರು ನೋಟಿಸು ಹರದಿಲ್ಲ, ಖಣದಾಗ ಇಟ್ಟಾರ.

ಲಾಡ್ಲೇಸಾಬ ಡ್ಯೂಟಿಗೆ ಬಂದ, ಡಬ್ಬಿ ಇಟ್ಟ.
‘ಬಂತೇನ್ರಿ ಅದಕ್ಕ ಗಡಿಯಾರ?’
ಇಪ್ಪತ್ತಕ್ಕ ಹದಿನೇಳು, ಅಂದೆ.
ತೋಳು ಸರಿಸಿ ತನ್ನ ವಾಚು ತೋರಿಸಿದ:
‘ನಂದು ಐದು ಮಿನಿಟ ಮುಂದದ,
ಆಳಂದ ಬಸ್ಸಿನ ಸಲುವಾಗಿ ಇಟ್ಟದ್ದು.
ಅದೂ ಬರಕೋರಿ.’